ಇಪ್ಪತ್ತೆರಡು ಕಿಲೋ ನಾನೂರು ಗ್ರಾಂ

ತೂಕದ ಸಾಹೇಬರಿಗೆ ಈ ಪ್ರಪಂಚದಲ್ಲಿ ಇದ್ದದ್ದು ಒಂದೇ ಒಂದು ದುಃಖ. ಹೆತ್ತ ಮಕ್ಕಳು ಅವರನ್ನು ಒಂದು ದಿನವೂ ಆಟಕ್ಕೆ ಕರೆದವರಲ್ಲ.

ಅಂಗಡಿ ಅಂಗಡಿ ತಿರುಗಿ ತಕ್ಕಡಿ, ತೂಕದ ಕಲ್ಲು (ಕಬ್ಬಿಣದ್ದಾದರೂ ಕಲ್ಲು ಅಂತಲೇ ಹೇಳೋದು, ಏನು ಮಾಡೋದು) ಎಲ್ಲ ಪರೀಕ್ಷೆ ಮಾಡಿ, ಸರಿ ಇದ್ದರೆ ಮುದ್ರೆ ಒತ್ತೋದು, ತಪ್ಪಿದ್ದರೆ ಬೀಗ ಜಡಿಯೋದು ಅವರ ಉದ್ಯೋಗ. ಅವರು ಬಂದರು ಅಂದರೆ ಪೇಟೆಯಲ್ಲಿ ವ್ಯಾಪಾರಿಗಳು ಎದ್ದು ನಿಲ್ಲುತ್ತಿದ್ದರು. ಮನೆಯಲ್ಲಿ ಮಕ್ಕಳು ಎದ್ದು ಹೋಗುತ್ತಿದ್ದರು. ಮಕ್ಕಳದೇ ತಪ್ಪು ಅನ್ನೋ ಹಾಗೂ ಇಲ್ಲ ಬಿಡಿ. ಒಂಬತ್ತು ವರ್ಷದ ಮಗಳು ಕುಂಟಾಬಿಲ್ಲೆಗೆ ಮನೆ ಬರೆದಿದ್ದಾಗ ಈ ಮಹಾನುಭಾವರು ಟೇಪು ಹಿಡಿದು ಅಳೆದು, ಮೂರನೇ ಮನೆ ಒಂದಿಂಚು ಹೆಚ್ಚು ಅಗಲ ಇದೆ ಅಂತ ಇಡೀ ಆಟವನ್ನೇ ರದ್ದು ಮಾಡಿದ್ದರು. ಆರು ವರ್ಷದ ಮಗನ ಹದಿನೆಂಟು ಗೋಲಿಗಳಲ್ಲಿ ಏಳು ಸರಿಯಾಗಿ ದುಂಡಗಿಲ್ಲ ಅಂತ ಜಪ್ತಿ ಮಾಡಿಕೊಂಡಿದ್ದರು. ಇಂಥವರನ್ನ ಯಾವ ಮಗು ಆಟಕ್ಕೆ ಕರೆದೀತು?

ಹೀಗಿರುವಾಗ ಒಂದು ರಜೆಯ ದಿನ, ಗಡ್ಡ ಅರ್ಧ ಬೋಳಿಸಿದ್ದಾಗ, ಅವರಿಗೆ ಜ್ಞಾನೋದಯವಾಯಿತು. ಹಿತ್ತಲಲ್ಲಿ, ಬಟ್ಟೆ ಒಣಗಿಸುವ ತಂತಿಗೂ ಕಾಂಪೌಂಡು ಗೋಡೆಗೂ ನಡುವಿನ ಜಾಗದಲ್ಲಿ, ಮಕ್ಕಳಿಗೆ ಆಟದ ಅಂಗಳ ಕಟ್ಟಿಬಿಡೋದು. ತಾನೇ ಕಟ್ಟಿದ ಮೇಲೆ ತನ್ನನ್ನು ಬಿಟ್ಟು ಹೇಗೆ ಆಡ್ತಾವೆ? ಉಳಿದರ್ಧ ಗಡ್ಡವನ್ನು ಹಾಗೇ ಬಿಟ್ಟು ಹೆಂಡತಿಯ ಬಳಿ ಓಡಿದರು. ಆಕೆ ಎರಡನೇ ಕ್ಲಾಸಿನ ಟೀಚರು. ನಲವತ್ತು ಮಕ್ಕಳನ್ನು ಬರೀ ಹುಬ್ಬಿನಲ್ಲಿ ಕೂರಿಸುವ ಹೆಂಗಸು. ತಿದ್ದುತ್ತಿದ್ದ ನೋಟ್‌ಬುಕ್ಕಿನಿಂದ ತಲೆ ಎತ್ತದೆ ಹೇಳಿದರು:

"ಶಾಲೆ ಕಟ್ಟಿದ ಮೇಸ್ತ್ರಿನ ಯಾರೂ ಪಾಠಕ್ಕೆ ಕರೆಯಲ್ಲ ರೀ."

ಸಾಹೇಬರು ಇದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮೂರು ಸಲ ಜರಡಿ ಹಿಡಿದು ಮರಳಿನ ಗುಂಡಿ ತುಂಬಿಸಿದರು. ತಗಡಿನ ಜಾರುಬಂಡೆ ತಂದು ನಿಲ್ಲಿಸಿದರು. ಕೊನೆಗೆ ನಡುವೆ ಒಂದು ದಿಮ್ಮಿ ನೆಟ್ಟು ಅದರ ಮೇಲೆ ಏರಿಳಿಯುವ ಹಲಗೆ, ಮಕ್ಕಳ ಬಾಯಲ್ಲಿ ಸೀಸಾ. ಹಲಗೆ ತಂದವನು ಬಡಗಿ. ಕೆಡವಿದ ಯಾವುದೋ ಹಳೇ ಮನೆಯ ಸಾಮಾನಂತೆ. ಎರಡೂ ತುದಿ ಸವರಿ ತೋರಿಸಿ, ಈ ನುಣುಪು ಉಳಿಯಿಂದ ಬಂದದ್ದಲ್ಲ ಸಾಹೇಬ್ರೇ, ಮಕ್ಕಳು ಕೂತೂ ಕೂತೂ ಬಂದದ್ದು ಅಂದ. ಉಜ್ಜುವ ಕೆಲಸ ಉಳಿಯಿತಲ್ಲ ಅಂತ ಸಾಹೇಬರು ಖುಷಿಪಟ್ಟರು.

ಬೆಳಿಗ್ಗೆ ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ಗಾಜಿನ ನಟ್ಟನಡುವೆ ನಿಂತಿತ್ತು. ಹಲಗೆ ಅಷ್ಟು ಸಮ. ಮಧ್ಯಾಹ್ನ ನೋಡಿದರೂ ಸಮ. ಸಂಜೆ ನಾಲ್ಕಕ್ಕೆ, ಶಾಲೆ ಬಿಟ್ಟು ಮಕ್ಕಳು ಬಂದು ಇನ್ನೂ ಚೀಲ ಇಳಿಸುತ್ತಿದ್ದಾಗ, ಗೋಡೆ ಕಡೆಯ ತುದಿ ನಿಧಾನವಾಗಿ, ಒಂದಿಷ್ಟೂ ಸದ್ದಿಲ್ಲದೆ, ಕೆಳಗಿಳಿದು ನೆಲಕ್ಕೆ ತಾಗಿತು.

ಸಾಹೇಬರು ಕೀಲಿಗೆ ಎಣ್ಣೆ ಬಿಟ್ಟರು. ಹಲಗೆ ಕಳಚಿ ತಿರುಗಿಸಿ ಹಾಕಿದರು. ಮರುದಿನ ನಾಲ್ಕಕ್ಕೆ ಮತ್ತೆ ಗೋಡೆ ಕಡೆಯದೇ ಇಳಿಯಿತು. ಅಂದರೆ ದೋಷ ಹಲಗೆಯದ್ದಲ್ಲ. ಮೂರನೇ ದಿನ ಆಫೀಸಿನಿಂದ ಮುದ್ರೆ ಬಿದ್ದ ಕಲ್ಲುಗಳನ್ನು ಹೊತ್ತು ತಂದು ಮನೆ ಕಡೆಯ ತುದಿಯ ಮೇಲೆ ಒಂದೊಂದಾಗಿ ಪೇರಿಸಿದರು. ಇಪ್ಪತ್ತು. ಎರಡು. ಇನ್ನೂರು ಗ್ರಾಂ, ಮತ್ತೊಂದು ಇನ್ನೂರು. ಹಲಗೆ ಸಮ ನಿಂತಿತು. ಅವರು ಕಣ್ಣು ಮಿಟುಕಿಸದೆ ಕಾದರು. ದೀಪ ಹಚ್ಚುವ ಹೊತ್ತಿಗೆ, ಯಾರೋ ಎದ್ದು ಮನೆಗೆ ಹೊರಟ ಹಾಗೆ, ಆ ತುದಿ ಮೇಲೆದ್ದಿತು. ಈ ತುದಿಯ ಕಲ್ಲುಗಳೆಲ್ಲ ಧಡ್ ಅಂತ ಸಾಹೇಬರ ಪಾದದ ಮೇಲೆ ಬಿದ್ದವು.

ಕುಂಟಿಕೊಂಡು ಒಳಗೆ ಬಂದವರ ಮುಖ ಬಿಳಿಚಿಕೊಂಡಿತ್ತು. ವಿಷಯ ಕೇಳಿ ಟೀಚರಮ್ಮ ಪೆನ್ನು ಕೆಳಗಿಟ್ಟರು. ಶಾಲೆಯಲ್ಲಿ ವರ್ಷ ವರ್ಷ ಮಕ್ಕಳ ತೂಕ ಬರೆದುಕೊಳ್ಳುವವರು ಆಕೆಯೇ.

"ಇಪ್ಪತ್ತೆರಡೂ ಚಿಲ್ಲರೆನಾ? ಹಾಗಾದ್ರೆ ಏಳು ವರ್ಷ ಇರ್ಬೇಕು. ನನ್ನ ಕ್ಲಾಸೇ. ಆ ವಯಸ್ಸಲ್ಲಿ ಗದರಿಸ್ಬೇಡಿ ರೀ, ಮರುದಿನ ಬರೋದೇ ಇಲ್ಲ."

ಸಾಹೇಬರಿಗೆ ಬೇಕಾಗಿದ್ದದ್ದೂ ಅದೇ. ಆದರೆ ಬಾಯಿಬಿಡುವಷ್ಟರಲ್ಲಿ ಮಗಳು ಬಾಗಿಲಲ್ಲಿ ನಿಂತಿದ್ದಳು, ಸೊಂಟದ ಮೇಲೆ ಕೈ.

"ಅವಳನ್ನ ಯಾಕಪ್ಪಾ ತೂಕ ಮಾಡಿದೆ? ಅವಳಿಗೆ ನಾಚಿಕೆ ಆಯ್ತಂತೆ."

"ಅಂತೆ ಅಂದ್ರೆ? ಮಾತಾಡ್ತಾಳಾ?"

"ನಿನ್ನ ಹತ್ರ ಮಾತಾಡಲ್ಲ."

ಸಾಹೇಬರಿಗೆ ಬೆನ್ನುಹುರಿಯಲ್ಲಿ ಚಳಿ ಇಳಿಯಿತು. ಅದರ ಬೆನ್ನಿಗೇ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ಮುಚ್ಚಿಟ್ಟು ಏನು ಪ್ರಯೋಜನ, ಅದು ಹೊಟ್ಟೆಕಿಚ್ಚೇ. ಒಂಬತ್ತು ವರ್ಷದಿಂದ ಅಪ್ಪನಾಗಿ ದುಡಿದ ತನಗೆ ಸಿಗದ ಜಾಗ, ಮೂರು ದಿನದ ಹಿಂದೆ ಬಂದ, ಕಣ್ಣಿಗೇ ಕಾಣದ ಯಾವಳಿಗೋ ಸಿಕ್ಕಿತಲ್ಲ. ನಾಳೆ ಸಂಜೆ ಬಡಗಿ ಬಂದು ಹಲಗೆ ಕಿತ್ತುಕೊಂಡು ಹೋಗ್ತಾನೆ, ಮುಗೀತು ಅಂತ ಘೋಷಿಸಿದರು. ಮಗ ಅತ್ತ. ಮಗಳು ಅಳಲಿಲ್ಲ. ಕಿತ್ತರೆ ಇನ್ನು ಸಾಯೋತನಕ ನಿನ್ನನ್ನ ಆಟಕ್ಕೆ ಕರೆಯಲ್ಲ ಅಂದಳು. ಇಲ್ಲಿತನಕ ಏನು ಕರೆದು ಕಡಿದು ಕಟ್ಟೆ ಹಾಕಿದ್ದೀಯ ಅನ್ನೋ ಮಾತು ಸಾಹೇಬರ ನಾಲಿಗೆ ತುದಿಗೆ ಬಂದು ಅಲ್ಲೇ ಕೂತಿತು. ಆ ರಾತ್ರಿ ಅವರಿಗೆ ಊಟ ಸೇರಲಿಲ್ಲ.

ಮರುದಿನ ಕಲ್ಲುಗಳನ್ನೆಲ್ಲ ಮತ್ತೆ ಹೊತ್ತುಕೊಂಡು ಕೆಲಸಕ್ಕೆ ಹೋದರು. ಸಂಜೆ ನಾಲ್ಕರ ಹೊತ್ತಿಗೆ ಒಂದು ಧಾನ್ಯದ ಅಂಗಡಿಯಲ್ಲಿದ್ದರು. ತೊಲೆಗೆ ತೂಗುಹಾಕಿದ ಹಳೇ ದೊಡ್ಡ ತಕ್ಕಡಿ, ಎರಡೂ ತಟ್ಟೆ ಖಾಲಿ, ಮುಳ್ಳು ನೆಟ್ಟಗೆ. ಮುದ್ರೆ ತೆಗೆಯಲು ಚೀಲಕ್ಕೆ ಕೈ ಹಾಕಿದರು. ಎಡಗಡೆಯ ತಟ್ಟೆ ಮೆಲ್ಲಗೆ ಕೆಳಗಿಳಿಯಿತು.

ಅಂಗಡಿಯವನು ಬೆವೆತುಹೋದ. ಬೆಳಿಗ್ಗೆ ಸರಿ ಇತ್ತು ಸಾಹೇಬ್ರೇ ಅಂತ ಆಣೆ ಪ್ರಮಾಣ ಶುರುಮಾಡಿದ. ಸಾಹೇಬರಿಗೆ ಅದೊಂದೂ ಕೇಳುತ್ತಿರಲಿಲ್ಲ. ಬಲಗಡೆಗೆ ಇಪ್ಪತ್ತು ಇಟ್ಟರು. ಎರಡು ಇಟ್ಟರು. ಇನ್ನೂರು, ಇನ್ನೂರು. ಮುಳ್ಳು ನೆಟ್ಟಗಾಯಿತು. ಎಡ ತಟ್ಟೆಯಲ್ಲಿದ್ದ ಹಿಟ್ಟಿನ ಧೂಳು ಯಾರೋ ಕೂತ ಹಾಗೆ ಒತ್ತಿಕೊಂಡಿತ್ತು. ಆಮೇಲೆ ಆ ತಟ್ಟೆ ರಸ್ತೆಯ ಕಡೆಗೆ ಒಮ್ಮೆ ತೂಗಿತು, ಮತ್ತೊಮ್ಮೆ ತೂಗಿತು, ತೋಳು ಹಿಡಿದು ಜಗ್ಗಿದ ಹಾಗೆ.

ಕಾನೂನಿನ ಪ್ರಕಾರ ಆ ತಕ್ಕಡಿಗೆ ಬೀಗ ಬೀಳಬೇಕಿತ್ತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಗುಲಗಂಜಿ ತೂಕದ ತಪ್ಪನ್ನೂ ಬಿಟ್ಟವರಲ್ಲ. ಅಂಥ ಸಾಹೇಬರು ಆ ತಕ್ಕಡಿಗೆ ಟಪ್ ಅಂತ 'ಸರಿ' ಮುದ್ರೆ ಒತ್ತಿ, ಬರ್ತೀನಿ ಕಣಮ್ಮಾ, ಬರ್ತೀನಿ ಅಂತ ಖಾಲಿ ತಟ್ಟೆಗೆ ಹೇಳಿ ಮೆಟ್ಟಿಲಿಳಿದರು. ಬೀಗ ಜಡಿದಿದ್ದರೂ ಅಂಗಡಿಯವನು ಅಷ್ಟು ಹೆದರುತ್ತಿರಲಿಲ್ಲ. ದಾರಿಯಲ್ಲಿ ಹಣ್ಣಿನ ಗಾಡಿ ದಾಟಿದರೆ ಅದರ ತಟ್ಟೆ ಇಳಿಯಿತು. ಹಳೇ ಪೇಪರಿನ ಅಂಗಡಿ ದಾಟಿದರೆ ಅಲ್ಲಿಯದೂ ಇಳಿಯಿತು. ಮೀನಿನ ಅಂಗಡಿಯ ಹತ್ತಿರ ಬರುವಷ್ಟರಲ್ಲಿ ಸಾಹೇಬರು ಕುಂಟುತ್ತಲೇ ಓಡುತ್ತಿದ್ದರು.

ಹಿತ್ತಲಲ್ಲಿ ಬಡಗಿ ಟೀ ಲೋಟ ಹಿಡಿದು, ಹಲಗೆಗೆ ಬೆನ್ನು ಮಾಡಿ ಕೂತಿದ್ದ. ಚೀಲದಿಂದ ಸುತ್ತಿಗೆಯನ್ನೂ ಹೊರಗೆ ತೆಗೆದಿರಲಿಲ್ಲ. ಮಗಳು ಓಡಿ ಬಂದು ಅಪ್ಪನ ಕೈ ಹಿಡಿದಳು.

"ಎಷ್ಟು ಹೊತ್ತಪ್ಪಾ? ನಾನೇ ಅವಳನ್ನ ಕಳಿಸಿದ್ದು, ಅಪ್ಪನ್ನ ಕರ್ಕೊಂಡು ಬಾ ಅಂತ."

"ಆಟಕ್ಕಾ?"

"ಹೂಂ. ಬೇಗ ಕೂತ್ಕೋ."

ಒಂಬತ್ತು ವರ್ಷದ ದುಃಖ ಒಂದೇ ಉಸಿರಿಗೆ ಇಳಿದುಹೋಯಿತು. ಅವರು ಶೂ ಬಿಚ್ಚಿ, ಮನೆ ಕಡೆಯ ತುದಿಯ ಮೇಲೆ, ಪಟ್ಟಕ್ಕೇರುವ ಗಾಂಭೀರ್ಯದಿಂದ ಕೂತರು. ಮಗಳು ಅವರ ಕಾಲು ಎತ್ತಿ ಸರಿಯಾಗಿ ಮಡಿಸಿ ಇಟ್ಟಳು.

"ಅವಳು ಇವತ್ತು ಇನ್ನೂ ಮೂರು ಜನಾನ ಕರ್ಕೊಂಡು ಬಂದಿದ್ದಾಳೆ. ನಾವಿಬ್ರೂ ಕೂತ್ರೂ ಈ ಕಡೆ ಸಾಲ್ತಾ ಇಲ್ಲ. ಕಲ್ಲೆಲ್ಲ ನೀನು ಹೊತ್ಕೊಂಡು ಹೋಗಿದ್ದೆ. ಏನೂ ಮಾಡ್ಬೇಡಪ್ಪಾ, ಸುಮ್ನೆ ಕೂತಿರು. ಅಲ್ಲಾಡಿದ್ರೆ ಅವರು ಬೀಳ್ತಾರೆ."

ಹಲಗೆ ಒಮ್ಮೆ ಹೊಯ್ದಾಡಿ ಸಮಕ್ಕೆ ನಿಂತಿತು. ಹೆಂಡತಿಗೂ ಹೇಳದೆ ಗುಟ್ಟಾಗಿಟ್ಟಿದ್ದ ಅವರ ಎಂಬತ್ತೊಂಬತ್ತೂವರೆ ಕಿಲೋ ಹೀಗೆ ಬಹಿರಂಗವಾಯಿತು. ಎದುರಿನ ತುದಿ ಖಾಲಿ, ಅದರ ಹಿಂದೆ ಗೋಡೆ. ಮಕ್ಕಳಿಬ್ಬರೂ ಕೈ ಝಾಡಿಸಿಕೊಂಡು ಜಾರುಬಂಡೆಯ ಕಡೆ ಓಡಿದರು. ಎಲ್ಲೋ ತೀರ ಹತ್ತಿರದಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಟೀಚರಮ್ಮ ಬಾಗಿಲಿಗೆ ಬಂದು ನೋಡಿದರು. "ಏನ್ರೀ, ಅಂತೂ ಆಟಕ್ಕೆ ಸೇರಿಸ್ಕೊಂಡ್ರಾ?"

"ಹೂಂ" ಅಂದರು ಸಾಹೇಬರು, ತುಟಿ ಮಾತ್ರ ಆಡಿಸಿ.