ನಡುಮನೆಯ ದೋಣಿ

ಹೆತ್ತ ಅಪ್ಪನೇ ತನ್ನನ್ನು ಕರೆಂಟ್ ಮೀಟರ್ ಓದಲು ಬಂದವನೆಂದುಕೊಂಡರೆ ಯಾವ ಮಗನಿಗೆ ತಾನೇ ಸಂಕಟವಾಗುವುದಿಲ್ಲ? ನಮ್ಮ ಗುಮಾಸ್ತರಿಗೆ ಆಯಿತು. ಬದುಕಿಡೀ ದೋಣಿಯಲ್ಲಿ ಜನರನ್ನು ಹೊಳೆ ದಾಟಿಸಿದ ಅವರ ಅಪ್ಪನಿಗೆ ಈಗ ನೆನಪು ಕೈಕೊಟ್ಟಿತ್ತು. ಸೊಸೆ ಗೊತ್ತು, ಕಿಟಕಿ ಪಕ್ಕದ ತಮ್ಮ ಕುರ್ಚಿ ಗೊತ್ತು (ಬಿಸ್ಕತ್ತಿನ ಡಬ್ಬಿ ಎಲ್ಲಿ ಬಚ್ಚಿಟ್ಟರೂ ಗೊತ್ತು), ಮಗ ಮಾತ್ರ ಗೊತ್ತಿಲ್ಲ. ಗುಮಾಸ್ತರು ಆಫೀಸಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ, “ಮೀಟರ್ ಓದಿ ಆಯ್ತಲ್ಲ, ಬಾಗಿಲು ಎಳ್ಕೊಂಡು ಹೋಗಿ” ಎನ್ನುತ್ತಿದ್ದರು.

ಹಳೆಯ ಸಾಮಾನು ಕಣ್ಣೆದುರಿಗಿದ್ದರೆ ಹಳೆಯ ಮುಖಗಳೂ ನೆನಪಾಗಬಹುದು ಎಂದು ಡಾಕ್ಟರು ಬಾಯಿಮಾತಿಗೆ ಹೇಳಿದ್ದರು. ಗುಮಾಸ್ತರು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಹೊಳೆಯ ದಡದಲ್ಲಿ ಕವುಚಿ ಬಿದ್ದು ಲಡ್ಡಾಗುತ್ತಿದ್ದ ಅಪ್ಪನ ಮರದ ದೋಣಿಯನ್ನು ಮನೆಗೆ ತರುವುದು, ತಾವೇ ಸರಿಮಾಡುವುದು, ಅಪ್ಪನ ಬಾಯಲ್ಲಿ ಒಂದೇ ಒಂದು ಸಲ “ಮಗನೇ” ಎನಿಸಿಕೊಳ್ಳುವುದು. ಅವರಿಗೆ ಬೇಕಿದ್ದುದು ಅಷ್ಟೇ.

ಆದರೆ ದೋಣಿಗೆ ಜಾಗ ಎಲ್ಲಿ? ಕಾರು ನಿಲ್ಲಿಸುವ ಶೆಡ್ಡು ಕೇಳಿದರೆ ಮನೆ ಮಾಲೀಕರು ಕಿವಿ ಕೇಳದವರಂತೆ ನಟಿಸಿದರು. ತಾರಸಿಗೆ ಹತ್ತಿಸೋಣವೆಂದರೆ ಅದು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು, ಮೇಲಿನ ಮನೆಯವರು ಆ ಬೆಳಗ್ಗೆ ಅದರ ಅಡಿಯಲ್ಲಿ ನುಸುಳಿ ಕೆಲಸಕ್ಕೆ ಹೋಗಬೇಕಾಯಿತು. ಕೊನೆಗೆ ಸೋಫಾ ಬಾಲ್ಕನಿಗೆ ಗಡೀಪಾರಾಗಿ, ದೋಣಿ ನಡುಮನೆಯಲ್ಲಿ ಸಿಂಹಾಸನಾರೂಢವಾಯಿತು. ಅಲ್ಲೂ ಪೂರ್ತಿ ಹಿಡಿಸದೆ ಮೂತಿ ಅಡುಗೆಮನೆಯೊಳಗೆ ಇಣುಕಿತು.

“ರೀ, ನಾನೇನು ಒಲೆ ಮುಂದೆ ಹುಟ್ಟು ಹಾಕ್ಕೊಂಡು ಕೂತ್ಕೋಬೇಕಾ?” ಎಂದಳು ಹೆಂಡತಿ.

“ಸ್ವಲ್ಪ ದಿನ ಕಣೇ. ಅಪ್ಪನಿಗೋಸ್ಕರ.”

“ಮಾವನ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸ್ತೀರಿ. ಒಂದು ಮೊಳೆ ಹೊಡಿಯೋಕೆ ಹೇಳಿದ್ರೆ ಗೋಡೆನೇ ಉದುರಿಸೋರು ನೀವು!”

ಮಾತು ಸುಳ್ಳಲ್ಲವಾದ್ದರಿಂದ ಗುಮಾಸ್ತರು ತೆಪ್ಪಗೆ ಮರದ ಮಂಡಿಗೆ ನಡೆದರು.

“ಬಾಗಿಲಿಗೋ, ಕಿಟಕಿಗೋ?” ಎಂದ ಮಂಡಿಯವನು.

“ದೋಣಿಗೆ.”

“ಎಲ್ಲಿ ಬಿಡ್ತೀರಾ ಸ್ವಾಮಿ?”

“ಸದ್ಯಕ್ಕೆ ಹಾಲ್‌ನಲ್ಲಿ.”

ಮಂಡಿಯವನು ನಗಲಿಲ್ಲ. ನಗದೇ ಇದ್ದುದು ಗುಮಾಸ್ತರಿಗೆ ಇನ್ನೂ ಕಷ್ಟವಾಯಿತು. ಸಣ್ಣ ಕೆಲಸಕ್ಕೆ ತೆಳು ಹಲಗೆ ಸೀಳಿಕೊಡುವವರು ಯಾರೂ ಇರಲಿಲ್ಲ. ಅಲೆದೂ ಅಲೆದೂ, ಕೆಡವುತ್ತಿದ್ದ ಒಂದು ಹಳೇ ಶಾಲೆಯ ಬೆಂಚುಗಳನ್ನು ಗೋಗರೆದು ತಂದರು. (ಒಂದರ ಮೇಲೆ ಯಾವನೋ ಪುಣ್ಯಾತ್ಮ ಕೈವಾರದಿಂದ ಮೇಷ್ಟ್ರ ಚಿತ್ರ ಕೆತ್ತಿದ್ದ. ಅದನ್ನು ತಳಕ್ಕೆ ಹಾಕಿದರು, ಮೇಷ್ಟ್ರು ನೀರು ಕುಡಿಯಲಿ ಎಂದು.)

ಮರ ಬಗ್ಗಿಸಲು ಹಬೆ ಬೇಕು. ಮನೆಯಲ್ಲಿ ಹಬೆ ಬರುವುದು ಕುಕ್ಕರಿನಿಂದ ಮತ್ತು ಹೆಂಡತಿಯ ತಲೆಯಿಂದ. ಕುಕ್ಕರಿಗೆ ಕೊಳವೆ ಸಿಕ್ಕಿಸಿ ಮರದ ಪಟ್ಟಿಗಳನ್ನು ಬೇಯಿಸುತ್ತಿದ್ದಂತೆ ಮಧ್ಯಾಹ್ನದ ಊಟ ಸಾಯಂಕಾಲಕ್ಕೆ ಜಾರಿತು. ಅಂಟು ಒಣಗುವವರೆಗೆ ಬಿಗಿಹಿಡಿಯಲು ಮನೆಯ ಬಟ್ಟೆ ಕ್ಲಿಪ್ಪುಗಳೆಲ್ಲ ದೋಣಿಗೆ ಕಚ್ಚಿಕೊಂಡವು, ಒಗೆದ ಬಟ್ಟೆಗಳು ಬೀದಿಗೆ ಹಾರಿದವು. ಉಪ್ಪಿನ ಡಬ್ಬಿಯಲ್ಲೂ ಮರದ ಪುಡಿ. “ತಿನ್ನಿ, ನಿಮ್ಮಪ್ಪನ ದೋಣಿ” ಎಂದು ಆಕೆ ತಟ್ಟೆ ಕುಕ್ಕುತ್ತಿದ್ದಳು. ಆದರೂ ಪಟ್ಟಿ ಕೂರಿಸುವಾಗ ಇನ್ನೊಂದು ತುದಿ ಹಿಡಿದವಳು ಆಕೆಯೇ. ಗಂಡ ಉಪ್ಪುಕಾಗದದಲ್ಲಿ ಮರ ಉಜ್ಜುತ್ತಾ ಉಜ್ಜುತ್ತಾ ಕಣ್ಣೊರೆಸಿಕೊಳ್ಳುವುದನ್ನು ಆಕೆ ನೋಡಿದ್ದಳು. ಪುಡಿ ಬಿತ್ತೆಂದು ಗುಮಾಸ್ತರು ಹೇಳಿದ್ದನ್ನು ನಂಬಿದಂತೆ ಮಾಡಿದ್ದಳು.

ಗುಮಾಸ್ತರ ಕೈ ಪಳಗಿತು. ಅಪ್ಪನ ಮುಂದೆ ಎಳ್ಳಷ್ಟೂ ಲೋಪ ಕಾಣಬಾರದೆಂದು ಹಳೇ ಡಾಂಬರು, ಗೀರು, ತೇಪೆ ಎಲ್ಲವನ್ನೂ ಕೆರೆದು ತೆಗೆದರು. ನಡುವಿನ ಹಲಗೆಯಲ್ಲೊಂದು ಕಡೆ ಸವೆದು ಗುಳಿಬಿದ್ದಿತ್ತು. ಆ ಹಲಗೆಯನ್ನೂ ಕಿತ್ತು ಗುಜರಿಗೆ ಹಾಕಿ ಹೊಸದು ಕೂರಿಸಿದರು. ಕೊನೆಗೆ ವಾರ್ನಿಷ್ ಬಿದ್ದಾಗ ದೋಣಿ ಅಂಗಡಿಯಿಂದ ಬಂದ ಮಂಚದಂತೆ ಫಳಫಳ ಹೊಳೆಯಿತು.

ಭಾನುವಾರ ಬೆಳಗ್ಗೆ ಅಪ್ಪನನ್ನು ಕೈಹಿಡಿದು ಕರೆತಂದರು. ಅಪ್ಪ ದೋಣಿಯ ಅಂಚು ಸವರಿದರು, ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದರು. ಆಮೇಲೆ ಯಾರ ಸಹಾಯವೂ ಇಲ್ಲದೆ ಒಳಗಿಳಿದು, ಹುಟ್ಟು ಹಾಕುವವರಂತೆ ಮಂಡಿಯೂರಿದರು. ಅಪ್ಪ ಮಂಡಿಯನ್ನು ಆಚೆ ಸರಿಸಿದರು, ಈಚೆ ಸರಿಸಿದರು, ಹಲಗೆಯ ಮೇಲೆ ಅಂಗೈ ಆಡಿಸಿ ಏನನ್ನೋ ಹುಡುಕಿದರು.

“ಇದು ನಂದಲ್ಲ” ಎಂದರು. “ನನ್ನ ದೋಣೀಲಿ ಮಂಡಿ ಊರೋ ಜಾಗ ಸವೆದು ಗುಳಿ ಆಗಿದೆ. ಕತ್ತಲಲ್ಲಿ ಕೂತ್ರೂ ಮಂಡಿ ತಾನಾಗೇ ಅಲ್ಲಿಗೆ ಹೋಗುತ್ತೆ.”

ಅಪ್ಪ ಗುರುತಿಸಬಹುದಾಗಿದ್ದ ಒಂದೇ ಒಂದನ್ನು ಗುಮಾಸ್ತರು ತಮ್ಮ ಕೈಯಾರೆ ಕಿತ್ತು ಬಿಸಾಡಿದ್ದರು.

ಅಪ್ಪ ಈಗ ಜೋಡಣೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದರು. “ಭೇಷ್! ಯಾರ ದೋಣಿಯಾದ್ರೇನು, ಕೆಲಸ ಅಂದ್ರೆ ಇದು. ನೀವೇ ಮಾಡಿದ್ದಾ ಮೇಸ್ತ್ರಿ?”

“ಹೂಂ” ಎಂದರು ಗುಮಾಸ್ತರು. ಐವತ್ತು ದಾಟಿದ ಮೇಲೆ ಅಪ್ಪನಿಂದ ಸಿಕ್ಕ ಮೊದಲ ಶಹಭಾಸ್, ಅದೂ ಇನ್ಯಾರದೋ ಲೆಕ್ಕಕ್ಕೆ!

“ನನ್ನ ಮಗನಿಗೂ ಸ್ವಲ್ಪ ಕಲಿಸಿ. ಬೈಬೇಡಿ, ಅವನ ಮನಸ್ಸು ಮೆತ್ತಗೆ. ನಾನು ಬೈದೂ ಬೈದೂ ಅವನು ಹೊಳೆ ಕಡೆ ತಲೆ ಹಾಕೋದೇ ಬಿಟ್ಟ.”

“ಬೈಯಲ್ಲ ಯಜಮಾನ್ರೇ.”

ಅಪ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿದರು. “ಬನ್ನಿ, ಕೂತ್ಕೊಳ್ಳಿ. ಇನ್ನೇನು ಬಂದುಬಿಡ್ತಾನೆ.”

ಗುಮಾಸ್ತರು ದೋಣಿ ಹತ್ತಿ ಅಪ್ಪನ ಪಕ್ಕ ಕುಳಿತರು. ಇಬ್ಬರೂ ಬಾಗಿಲ ಕಡೆ ಮುಖ ಮಾಡಿ ಮಗನಿಗಾಗಿ ಕಾದರು.