ಮಾವನ ಅರ್ತಿಂಗ್ ಗುಂಡಿ

ನಮ್ಮ ಸೋದರಮಾವನನ್ನು ಮನೆಗೆ ಕರೆಯುವುದೂ ಒಂದೇ, ಕರೆಂಟ್ ಹೋಗಲಿ ಅಂತ ಹರಕೆ ಹೊರುವುದೂ ಒಂದೇ! ಬಾಗಿಲಲ್ಲಿ ಕಾಲು ತೊಳೆದವನು ಕಾಫಿ ಕೇಳುವುದಿಲ್ಲ, "ಮೇನ್ ಸ್ವಿಚ್ ಎಲ್ಲದೆ ಮಗಾ?" ಅನ್ನುತ್ತಾನೆ. ಜೇಬಲ್ಲಿ ಸದಾ ಒಂದು ಟೆಸ್ಟರು. ಫ್ರಿಜ್ಜು, ಗ್ರೈಂಡರು, ಬಟ್ಟೆ ಒಣಹಾಕುವ ತಂತಿ, ಯಾವುದನ್ನೂ ಬಿಡದೆ ಮುಟ್ಟಿಸಿ ನೋಡುತ್ತಾನೆ. ನಡುವೆ ಮೇನ್ ಆಫ್ ಮಾಡಿ, ರುಬ್ಬುತ್ತಿದ್ದ ಹಿಟ್ಟು ಅರ್ಧಕ್ಕೇ ನಿಂತರೆ ಅದು ನಮ್ಮ ಹಣೆಬರಹ.

ಸಂತೆಬಾಚಹಳ್ಳಿಯ ನಮ್ಮಮ್ಮನ ತವರಲ್ಲಿ ತಲೆತಲಾಂತರದಿಂದ ಕುಲುಮೆ. ಇವನೊಬ್ಬ ಅದನ್ನು ಬಿಟ್ಟು ಕರೆಂಟಿನ ಕೆಲಸ ಕಲಿತ. ಕಲಿತು ಸುಮ್ಮನಿದ್ದಾನೆಯೇ? "ಸೈನ್ಸು ಜನುಕ್ಕೆ ಆಗ್ದಿದ್ರೆ ಅದ್ಯಾಕಮ್ಮಿ ಬೇಕು?" ಅಂತ, ಯಾರೂ ಕರೆಯದಿದ್ದರೂ ಕಂಡವರ ಹಿತ್ತಲಲ್ಲಿ ಗುಂಡಿ ತೋಡುತ್ತಾನೆ. ತಾಮ್ರದ ತಗಡು ಇಳಿಸಿ, ಉಪ್ಪು, ಇದ್ದಲು ತುಂಬಿ, ಮನೆಯ ತಂತಿಯನ್ನು ಅದಕ್ಕೆ ಜೋಡಿಸುತ್ತಾನೆ. ಕರೆಂಟ್ ಎಲ್ಲಾದರೂ ಸೋರಿದರೆ ಮನುಷ್ಯರ ಮೈ ಬಿಟ್ಟು ಮಣ್ಣಿಗೆ ಹೋಗಲಿ ಅಂತ, ಅದೇ ಅರ್ತಿಂಗ್. ಒಳ್ಳೆಯದೇ, ಯಾರು ಬೇಡ ಅಂದರು? ಆದರೆ ಗುಂಡಿ ಒಣಗಬಾರದಲ್ಲ, "ದಿನಾ ಒಂದ್ ಚೊಂಬು ನೀರ್ ಉಯ್ರವ್ವಾ" ಅಂತ ಆಣೆ ಹಾಕಿಸಿಕೊಳ್ಳುತ್ತಾನೆ. ಕಿಕ್ಕೇರಿಯ ನಮ್ಮ ಬೀದಿಯ ಹೆಂಗಸರು ದಿನಾ ನೀರು ಹುಯ್ಯುವ ಜಾಗಕ್ಕೆ ಬರಿಗೈಲಿ ಹೋಗುತ್ತಾರೆಯೇ? ಅರಿಶಿನ ಕುಂಕುಮ ಇಟ್ಟರು, ಹೂ ಏರಿಸಿದರು. ಪಕ್ಕದ ಮನೆಯಾಕೆ ಸೊಸೆ ಬಸುರಿಯಾಗಲಿ ಅಂತ ಮೂರು ಸುತ್ತು ಬಂದಳು. ಅವಳಿ ಹುಟ್ಟಿದವು! ಇನ್ನು ಅವರಿಗೆ ಸೈನ್ಸು ಹೇಳುವವರು ಯಾರು?

ಇಂಥವನನ್ನು ನನ್ನ ಮಗಳ ನಿಶ್ಚಿತಾರ್ಥಕ್ಕೆ ಕರೆಯದೆ ಇರಲಾದೀತೆ? ಪಾಂಡವಪುರದ ಸಂಬಂಧ, ಮಗಳೇ ಮೆಚ್ಚಿದ ಹುಡುಗ. ಹುಡುಗನ ಅಪ್ಪನಿಗೆ ಮಾತ್ರ ಮೂಗಿನ ತುದಿಯಲ್ಲಿ ಕೋಪ. "ಮಾವ, ಕೈಮುಗೀತೀನಿ, ಇವತ್ತೊಂದಿನ ಟೆಸ್ಟರ್ ಬಿಟ್ಟು ಬಾ" ಅಂದೆ. "ಆಯ್ತು ಬುಡಮ್ಮಿ" ಅಂದ. ಟೆಸ್ಟರ್ ಬಿಟ್ಟು ಬಂದ, ಕೈ ಬಿಟ್ಟು ಬರಲಿಲ್ಲ! ಲಗ್ನಪತ್ರಿಕೆ ಓದುವ ಹೊತ್ತಿಗೆ ಸರಿಯಾಗಿ ಮೈಕು, ಫ್ಯಾನು, ದೀಪ ಎಲ್ಲ ಗಪ್.

"ಇದೇನ್ರೀ ಅಪಶಕುನ!" ಬೀಗರು ಎದ್ದೇ ಬಿಟ್ಟರು.

"ಅಪಸಕುನ ಅಲ್ಲ ಸಾಮಿ, ನಾನೇ ಆಫ್ ಮಾಡ್ದೆ. ಮೈಕು ಕರೆಂಟ್ ಸಾಕ್ ಒಡೀತದಾ ಅಂತ ಅನುಮಾನ ಬಂತು."

"ಹೊಡೀತಾ?"

"ಇಲ್ಲ, ಬೋ ಚೆನ್ನಾಗದೆ!"

ನೆಲ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅಷ್ಟಕ್ಕೆ ನಿಲ್ಲಿಸಿದನೇ? "ನಿಮ್ಮನೇಲಿ ಅರ್ತಿಂಗ್ ಅದಾ?" ಅಂತ ಬೀಗರನ್ನೇ ಕೇಳಿದ. ಗೊತ್ತಿಲ್ಲ ಅಂದರು. "ಗೊತ್ತಿಲ್ದಿರೋ ಮನೆಗೆ ಎಣ್ಣ ಎಂಗ್ ಕೊಡದು?" ಅಂದುಬಿಟ್ಟ! ಬೀಗರು ಊಟಕ್ಕೂ ನಿಲ್ಲದೆ, "ಯೋಚ್ನೆ ಮಾಡಿ ಹೇಳ್ತೀವಿ" ಅಂತ ಹೊರಟರು. ಮಗಳು ಕೋಣೆ ಸೇರಿ ಅಳತೊಡಗಿದಳು. ನಾನು ಮಾವನಿಗೆ ಬಾಯಿಗೆ ಬಂದ ಹಾಗೆ ಬೈದೆ. ತಲೆ ತಗ್ಗಿಸಿಕೊಂಡು ಹೋದ.

ಮಾರನೆ ದಿನ ಬೆಳಿಗ್ಗೆ ಬೀಗರ ಫೋನು. "ನಿಮ್ಮ ಮಾವ ಹಾರೆ ಹಿಡ್ಕಂಡ್ ಬಂದವ್ರೆ. ಬೇಡ ಅಂದ್ರೂ ಹಿತ್ಲು ಅಗೀತಾವ್ರೆ. ಬಂದು ಕರ್ಕಂಡೋಗಿ!"

ಮುಗಿಯಿತು ಮದುವೆ ಅಂದುಕೊಂಡು ಮಗಳ ಜೊತೆ ಪಾಂಡವಪುರಕ್ಕೆ ಓಡಿದೆ. ಮಾವ ಸೊಂಟದಾಳದ ಗುಂಡಿಯಲ್ಲಿದ್ದ. ಬೀಗರು ದಡದಲ್ಲಿ ಕೆಂಡವಾಗಿ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮಾವ ಮಣ್ಣುಗೈಯಲ್ಲಿ ಅವರಿಗೆ ಕೈಮುಗಿದ.

"ಸಾಮಿ, ತಪ್ಪು ನಂದು. ನನ್ ಮ್ಯಾಲಿನ ಸಿಟ್ಟಿಗೆ ಸಂಬಂದ ಬುಡ್ಬೇಡಿ. ಈ ಕೂಸ್ನ ಚಿಕ್ಕೋಳಿದ್ದಾಗ್ಲಿಂದ ನೋಡಿವ್ನಿ. ಪಾತ್ರೆ ತೊಳೀತಾ ಒದ್ದೆ ಕೈಲೇ ಸ್ವಿಚ್ ಅದುಮ್ತಾಳೆ. ಎಷ್ಟ್ ಬೈದ್ರೂ ಕೇಳಾಕಿಲ್ಲ. ಅಲ್ಲಿ ನಾನಿದ್ದೆ. ಇಲ್ಲಿ ಯಾರವ್ರೆ ನೋಡ್ಕಳಕ್ಕೆ?"

ಮಗಳು ಬಿಕ್ಕಿದಳು. ಬೀಗರು ಪಂಚೆ ಎತ್ತಿ ಕಟ್ಟಿ, ಮಾವನ ಕೈ ಹಿಡಿದು ಮೇಲಕ್ಕೆ ಎಳೆದುಕೊಂಡು, ಹಾರೆ ಇಸಿದುಕೊಂಡು ಗುಂಡಿಗೆ ಇಳಿದರು.

"ನೆಳ್ಳಲ್ಲಿ ಕೂತ್ಕಳಿ. ಇನ್ನೂ ಎಷ್ಟು ಆಳ ಬೇಕು, ಹೇಳಿ."