ಅತ್ತೆಯ ಡಿಪಿಯಲ್ಲಿ ನೇರಳೆ ಹೂವು

ನನಗೆ ಹೊಟ್ಟೆಕಿಚ್ಚು ಸ್ವಭಾವತಃ ಕಡಿಮೆ. ಒಡವೆ, ಸೀರೆ, ಪಕ್ಕದ ಮನೆಯವರ ಈಜುಕೊಳ, ಯಾವುದನ್ನು ಕಂಡರೂ ನನ್ನ ನಿದ್ದೆ ಕೆಟ್ಟಿಲ್ಲ. ಕೆಡಿಸಿದ್ದು ಹೂವು, ಅದೂ ಜಪಾನಿನ ಹೂವು. ನನ್ನ ಓರಗಿತ್ತಿ ಸಹನಾ ಅಲ್ಲಿದ್ದಾಳೆ. ಪ್ರತಿ ವಸಂತದಲ್ಲೂ ಚೆರ್ರಿ ಮರದ ಕೆಳಗೆ ನಿಂತು ತೆಗೆಸಿಕೊಂಡ ಫೋಟೋಗಳನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಸುರಿಯುತ್ತಾಳೆ. ಮೈಸೂರಿನ ನಮ್ಮತ್ತೆ ಅದರಲ್ಲೊಂದನ್ನು ತಮ್ಮ ಡಿಪಿ ಮಾಡಿಕೊಂಡು ಮೂರು ವರ್ಷವಾಗಿತ್ತು. ಅತ್ತೆ ನನಗೆ "ಊಟ ಆಯ್ತಾ" ಎಂದು ಬರೆದರೂ ಪಕ್ಕದಲ್ಲಿ ಓರಗಿತ್ತಿಯ ಹೂವು ಇಣುಕುತ್ತಿತ್ತು. ಹಿರಿಸೊಸೆ ನಾನು, ಎಷ್ಟೆಂದು ಸಹಿಸಲಿ?

ಆಸ್ಟ್ರೇಲಿಯಾದ ನಮ್ಮ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲೇನು ಹೂವಿಗೆ ಬರವೇ? ಇಲ್ಲಿಯ ವಸಂತ ಅಕ್ಟೋಬರಿನಲ್ಲಿ, ಅದು ಬಂತೆಂದರೆ ಜಕರಾಂಡ ಮರಗಳು ಮೈತುಂಬ ನೇರಳೆ ಹೂ ಬಿಡುತ್ತವೆ. ರೈಲು ತಪ್ಪಿಸಿಕೊಂಡು ಫೋಟೋ ತೆಗೆದೆ, ನಾನು ಕೆಲಸ ಮಾಡುವ ಇಪ್ಸ್‌ವಿಚ್‌ನ ಕ್ಲಿನಿಕ್ಕಿನಿಂದ ಊಟದ ಹೊತ್ತಿನಲ್ಲಿ ಹೊರಗೋಡಿ ತೆಗೆದೆ. ಪ್ರತಿಯೊಂದರಲ್ಲೂ ಯಾರದೋ ಕಸದ ಡಬ್ಬಿ ಮುಂದೆ ನಿಂತಿರುತ್ತಿತ್ತು. ಕೊನೆಗೂ ಸಿಕ್ಕ ಡಬ್ಬಿಯಿಲ್ಲದ ಒಂದನ್ನು ಕಳಿಸಿದರೆ ಅತ್ತೆ, "ಚೆನ್ನಾಗಿದೆ. ದೇವರಿಗೆ ಬರುತ್ತಾ?" ಎಂದು ಕೇಳಿದರು. ಎಲ್ಲ ನೆಲಕ್ಕೇ ಬೀಳುತ್ತದೆ ಎಂದೆ. "ಬಿದ್ದಿದ್ರಲ್ಲಿ ಪಾರಿಜಾತ ಒಂದೇ ಆಗೋದು," ಎಂದು ಬರೆದರು. ಸಹನಾಳ ಹೂವೂ ದೇವರಿಗೆ ಏರುವುದಿಲ್ಲವಲ್ಲ ಎಂದು ಗಂಡನ ಮುಂದೆ ಹರಿಹಾಯ್ದೆ. "ಆ ಫೋಟೋದಲ್ಲಿ ಸಹನಾ ಇದಾಳೆ, ನಿಂದ್ರಲ್ಲಿ ಬರೀ ಮರ. ಅಮ್ಮನಿಗೆ ಮರ ಕಟ್ಕೊಂಡು ಏನಾಗ್ಬೇಕು?" ಎಂದರು.

ಸರಿ, ನಾನೂ ನಿಲ್ಲುತ್ತೇನೆ ಎಂದು ಕಳೆದ ಅಕ್ಟೋಬರಿನ ಒಂದು ಭಾನುವಾರ ರೇಷ್ಮೆ ಸೀರೆಯುಟ್ಟು, ಮಗಳು ಇಶಾಳ ಕೈಗೆ ಫೋನು ಕೊಟ್ಟು, ಕೆರೆಯ ಬಳಿಯ ದೊಡ್ಡ ಮರದ ಕೆಳಗೆ ಹೋದೆ. ಅದರಲ್ಲಿ ಮ್ಯಾಗ್‌ಪೈ ಹಕ್ಕಿಯೊಂದು ಗೂಡು ಕಟ್ಟಿತ್ತು. ಮರಿಗಳಿರುವಾಗ ಆ ಹಕ್ಕಿ ಹಿಂದಿನಿಂದ ಹಾರಿಬಂದು ತಲೆಗೆ ಕುಕ್ಕುತ್ತದೆ. ಎರಡು ಸಲ ಕುಕ್ಕಿಸಿಕೊಂಡು ಮನೆಗೆ ಓಡಿಬಂದೆ. ಇಲ್ಲಿಯವರು ಇದಕ್ಕೆಂದೇ ಸೈಕಲ್ ಹೆಲ್ಮೆಟ್ಟಿಗೆ ವೈರು ಕಟ್ಟುವ ಪ್ಲಾಸ್ಟಿಕ್ಕಿನ ಉದ್ದುದ್ದ ಕೇಬಲ್ ಟೈಗಳನ್ನು ಮುಳ್ಳಿನಂತೆ ಕಟ್ಟಿಕೊಳ್ಳುತ್ತಾರೆ. ಗಂಡನದು ಹಾಗೇ ಸಿದ್ಧವಿತ್ತು. ಅದನ್ನೇ ತಲೆಗೇರಿಸಿ ಮತ್ತೆ ಹೋದೆ. "ನಾನು ಹೆಲ್ಮೆಟ್ ತೆಗೆದಾಗ ಮಾತ್ರ ಕ್ಲಿಕ್ ಮಾಡು," ಎಂದು ಇಶಾಳಿಗೆ ಹೇಳಿದ್ದೆ. ಆದರೆ ತೆಗೆಯುವ ಧೈರ್ಯವೇ ಬರಲಿಲ್ಲ. ಅಷ್ಟರಲ್ಲಿ ಗಾಳಿ ಬೀಸಿ, ಉದುರಿದ ಹೂವುಗಳು ಆ ಟೈಗಳಿಗೆಲ್ಲ ಸಿಕ್ಕಿಕೊಂಡವು. "ಮಮ್, ದಿಸ್ ಈಸ್ ಗೋಲ್ಡ್," ಎಂದು ಇಶಾ ಕ್ಲಿಕ್ಕಿಸಿ, ನಾನು ಬೇಡವೆನ್ನುವ ಮೊದಲೇ ಗುಂಪಿಗೆ ಕಳಿಸಿಬಿಟ್ಟಳು.

ಮರ್ಯಾದೆ ಹೋಯಿತೆಂದು ಅರ್ಧ ಗಂಟೆ ಫೋನು ಮುಟ್ಟಲಿಲ್ಲ. ಮುಟ್ಟಿದಾಗ ಅತ್ತೆಯ ಡಿಪಿ ನೇರಳೆಯಾಗಿತ್ತು. ಹಿಂದೆಯೇ ಕರೆಯೂ ಬಂತು. "ಅಲ್ಲಿಯವರ ವಸಂತ ಪೂಜೆ ಏನಮ್ಮಾ ಅದು? ಎಷ್ಟು ಲಕ್ಷಣವಾಗಿ ಹೂವಿನ ಕಿರೀಟ ಹಾಕ್ಕೊಂಡಿದೀಯ. ಭಜನೆಯವರಿಗೆಲ್ಲ ತೋರಿಸ್ದೆ. ಹೋದ ಕಡೆ ಅಲ್ಲಿನ ಪದ್ಧತಿ ಬಿಡಲ್ಲ ನಮ್ಮ ಹಿರಿಸೊಸೆ ಅಂದೆ." ನಿಜ ಹೇಳಬಹುದಿತ್ತು. "ಹೂಂ ಅಮ್ಮ, ವರ್ಷಕ್ಕೊಂದ್ಸಲ," ಎಂದೆ. ಸಂಜೆ ಜಪಾನಿನಿಂದ ಸಹನಾ ಬರೆದಳು: "ಅಕ್ಕ, ಆ ಕಿರೀಟ ಎಲ್ಲಿ ಸಿಗುತ್ತೆ?" ಆ ಸಾಲನ್ನು ಗಂಡನಿಗೆ ಮೂರು ಸಲ ಓದಿ ಹೇಳಿದೆ. ಇಲ್ಲಿಯ ಡ್ರೈವಿಂಗ್ ಟೆಸ್ಟ್ ಪಾಸಾದಾಗಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಈ ವರ್ಷ ಮ್ಯಾಗ್‌ಪೈ ಬೇರೆ ಮರಕ್ಕೆ ಹೋಗಿದೆ. ಕೆರೆಯ ಬಳಿ ಬರಿತಲೆಯಲ್ಲಿ ಧಾರಾಳವಾಗಿ ನಿಲ್ಲಬಹುದು. ಆದರೆ ಅತ್ತೆ ವಾರದ ಮುಂಚೆಯೇ, "ಪೂಜೆ ಯಾವತ್ತು? ಭಜನೆಯವರು ಕೇಳ್ತಿದಾರೆ," ಎಂದರು. ಪಂಚಾಂಗ ನೋಡಿ ಶುಕ್ರವಾರವೆಂದೆ. ಅಂದು ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಹೆಲ್ಮೆಟ್ಟಿಗೆ ಅರಿಶಿನ ಕುಂಕುಮವಿಟ್ಟು, ಒಂದೊಂದೇ ಟೈಗೆ ಹೂವು ಸಿಕ್ಕಿಸುತ್ತಾ ಕೂತಿದ್ದೆ. ಗಂಡ ಸೈಕಲ್ ಹೊರಗಿಟ್ಟು ಬಂದು, "ಆ ಹೆಲ್ಮೆಟ್ ಕೊಡೇ, ಲೇಟಾಯ್ತು," ಎಂದು ಕೈ ಚಾಚಿದರು.

"ಮುಟ್ಬೇಡಿ, ಮಡಿ," ಎಂದೆ. ತಮಾಷೆಗೆ ಅಂದದ್ದಲ್ಲ.